ಗ್ಡಾನ್ಸ್ಕ್‌ನಲ್ಲಿ ಒಂದು ದಿನ: ಲೆಕ್ಕ ಹಿಂದಿನಿಂದ ಹಾಕಿ

ಕ್ರೂಸ್ ಟಿಕೆಟ್‌ನಲ್ಲಿ ಪೋಲೆಂಡಿನ 'ಗ್ಡಾನ್ಸ್ಕ್' ಎಂದಿದ್ದರೂ ದೊಡ್ಡ ಹಡಗುಗಳು ಸಾಮಾನ್ಯವಾಗಿ ನಿಲ್ಲುವುದು ಪಕ್ಕದ ಗ್ಡಿನಿಯಾ ಬಂದರಿನಲ್ಲಿ. ಗ್ಡಾನ್ಸ್ಕ್‌ನ ಹಳೇ ಪಟ್ಟಣ ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೂ ದೂರ. ಈ ದೂರ ಗೊತ್ತಿಲ್ಲದೆ ಇಳಿದವರ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ.

ಹಡಗು ಸಂಜೆ 6ಕ್ಕೆ ಹೊರಡುತ್ತದೆ ಎಂದುಕೊಳ್ಳಿ. ಹತ್ತಲು ಕಡೆಯ ಸಮಯ ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು, ಅಂದರೆ 5.30. ಗ್ಡಿನಿಯಾ ನಿಲ್ದಾಣದಿಂದ ಹಡಗುಕಟ್ಟೆಗೆ ನಡೆದರೆ ಅರ್ಧ ಗಂಟೆ, ರೈಲಿಗೆ ನಲವತ್ತು ನಿಮಿಷ, ಕಾಯಲು ಹದಿನೈದು, ಹಳೇ ಪಟ್ಟಣದ ದ್ವೂಗಾ ಬೀದಿಯಿಂದ ಗ್ಡಾನ್ಸ್ಕ್ ಮುಖ್ಯ ನಿಲ್ದಾಣಕ್ಕೆ ಇನ್ನೊಂದು ಹದಿನೈದು. ಲೆಕ್ಕಕ್ಕೆ 3.50 ಸಾಕು, ಆದರೆ 3.15ಕ್ಕೆ ಊರಿನಿಂದ ಕಾಲ್ತೆಗೆದರೆ ನೆಮ್ಮದಿ. ಹಡಗಿನವರೇ ನಡೆಸುವ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಗಡಿಯಾರವನ್ನೂ ನೋಡಿಕೊಳ್ಳಿ. ಬಾಲ್ಟಿಕ್ ಕ್ರೂಸಿನ ಇತರ ಬಂದರುಗಳಾದ ಟಾಲಿನ್, ಹೆಲ್ಸಿಂಕಿಗಿಂತ ಪೋಲೆಂಡ್ ಒಂದು ಗಂಟೆ ಹಿಂದೆ. ಫೋನು ತಾನಾಗಿ ಸ್ಥಳೀಯ ಸಮಯಕ್ಕೆ ಬದಲಾಗಬಹುದು, ಹಡಗಿನ ಸಮಯ ಬದಲಾಗದೇ ಇರಬಹುದು. ಇಳಿಯುವ ಮೊದಲು ಬಾಗಿಲ ಬಳಿ ಹಾಕಿರುವ ಸಮಯಕ್ಕೆ ಕೈಗಡಿಯಾರ ಹೊಂದಿಸಿ.

ಎಸ್‌ಕೆಎಂ ಲೋಕಲ್ ರೈಲಿಗೆ ಕೌಂಟರಿನಲ್ಲಿ ಕೊಂಡ ಕಾಗದದ ಟಿಕೆಟ್ಟನ್ನು, ಅದರಲ್ಲಿ ಸಮಯ ಮುದ್ರಿತವಾಗಿಲ್ಲದಿದ್ದರೆ, ಹತ್ತುವ ಮೊದಲೇ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮರೆತರೆ ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲಿದ್ದರೂ ದಂಡ. ಇದೇ ದಾರಿಯಲ್ಲಿ ಬೇರೆ ಕಂಪನಿಗಳ ರೈಲೂ ಓಡುತ್ತವೆ. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುತ್ತದೆ ಎಂದುಕೊಳ್ಳಬೇಡಿ.

ಇಲ್ಲಿ ಯೂರೋ ಅಲ್ಲ, ಜ್ಲೋಟಿ. ಕಾರ್ಡ್ ಯಂತ್ರ ಬೇರೆ ಕರೆನ್ಸಿಯಲ್ಲಿ ಪಾವತಿಸುವಿರಾ ಎಂದು ಕೇಳಿದರೆ ಜ್ಲೋಟಿಯನ್ನೇ ಒತ್ತಿ, ಇಲ್ಲವಾದರೆ ದುಬಾರಿ ವಿನಿಮಯ ದರ ತೆರಬೇಕಾಗುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ದಾರಿಯಲ್ಲಿ ಬ್ರಿಟನ್‌ನಂಥ ಹೊರಗಿನ ದೇಶವೊಂದಕ್ಕೆ ಹೋಗಿ ಮರಳುವುದಿದ್ದರೆ ಬಹು ಪ್ರವೇಶದ ವೀಸಾ ಮಾಡಿಸಿಕೊಳ್ಳಿ.

ನೋಡುವುದರಲ್ಲಿ ಆಯ್ಕೆ ಮಾಡಿ. ನೆಪ್ಚೂನ್ ಕಾರಂಜಿ, ನದಿದಂಡೆಯ ಮರದ ಕ್ರೇನ್ ಜುರಾವ್, ಸಂತ ಮೇರಿ ಚರ್ಚು, ಮಾರಿಯಾತ್ಸ್ಕಾ ಬೀದಿ ಎಲ್ಲ ನಡಿಗೆಯಲ್ಲೇ ಸಿಗುತ್ತವೆ. ಚರ್ಚಿನ ಗೋಪುರಕ್ಕೆ 400ಕ್ಕೂ ಹೆಚ್ಚು ಮೆಟ್ಟಿಲು. ಮೊಣಕಾಲು ನೋವಿದ್ದರೆ ಬಿಡಿ, ಒಳಗಿನ 15ನೇ ಶತಮಾನದ ಖಗೋಳ ಗಡಿಯಾರ ಸಾಕು. ಮುಷ್ಕರ ಹೂಡಿದ ಕಾರ್ಮಿಕರಿಗೂ ಸರ್ಕಾರಕ್ಕೂ ಆದ 1980ರ ಆಗಸ್ಟ್ 31ರ ಒಪ್ಪಂದದ ಕಥೆ ಹೇಳುವ ಸಾಲಿಡಾರಿಟಿ ಕೇಂದ್ರಕ್ಕೆ ಕನಿಷ್ಠ ಎರಡು ಗಂಟೆ ಬೇಕು. ಅಲ್ಲಿಗೆ ಹೋಗುವುದಾದರೆ ಗೋಪುರ ಕೈಬಿಡುವುದೇ ಸರಿ.

ಅಂಬರ್ (ಕಲ್ಲಾದ ಹಳೆಯ ಮರದ ರಾಳ) ಕೊಳ್ಳುವಾಗ ಬೆಳ್ಳಿ ಕಟ್ಟಿರದ ಬಿಡಿ ತುಂಡಿದ್ದರೆ ಒಂದು ಲೋಟ ನೀರಿಗೆ ಏಳೆಂಟು ಚಹಾ ಚಮಚ ಉಪ್ಪು ಕರಗಿಸಿ ಹಾಕಿ ನೋಡಬಹುದು. ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ. ಆದರೆ ಕೆಲವು ಪ್ಲಾಸ್ಟಿಕ್ಕೂ, ಎಳೆಯ ರಾಳವಾದ ಕೋಪಾಲೂ ತೇಲುತ್ತವೆ. ಹಡಗಿಗೆ ಮರಳಿದ ಮೇಲೆ ಪರೀಕ್ಷಿಸಿ ಫಲವಿಲ್ಲ. ಪ್ರಮಾಣಪತ್ರ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಸಸ್ಯಾಹಾರಿಗಳು ಆಲೂಗಡ್ಡೆ, ಚೀಸ್ ಹೂರಣದ ಕಡುಬು 'ಪಿಯೆರೋಗಿ ರುಸ್ಕಿಯೆ' ಕೇಳಬಹುದು. ಮೇಲೆ ಹುರಿದ ಹಂದಿಕೊಬ್ಬಿನ ಚೂರು ಉದುರಿಸುವ ರೂಢಿ ಇದೆ. ಆರ್ಡರ್ ಕೊಡುವಾಗಲೇ 'ಬೆಜ್ ಸ್ಕ್ವಾರೆಕ್' ಎನ್ನಿ. ಶೌಚಾಲಯದ ಬಾಗಿಲಲ್ಲಿ ತ್ರಿಕೋನವಿದ್ದರೆ ಗಂಡಸರಿಗೆ, ವೃತ್ತವಿದ್ದರೆ ಹೆಂಗಸರಿಗೆ.