ಲ್ಯಾಬಿನಲ್ಲಿ ಸಾಯುವ ರೋಗಾಣು ಕೆಚ್ಚಲಲ್ಲಿ ಯಾಕೆ ಬದುಕುತ್ತದೆ?

ನಮ್ಮ ಕೋಲಾರದ ಕಡೆ ಕೆರೆ ಒಣಗಿದ ವರ್ಷವೂ ಡೇರಿಗೆ ಹಾಲು ಹಾಕುವುದು ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿನ ಪಶುವೈದ್ಯರಿಗೆ ಕೆಚ್ಚಲು ಬಾವು ದಿನನಿತ್ಯದ ಕೆಲಸ. ಅದರಲ್ಲೂ ಒಂದು ದೂರು ಪದೇ ಪದೇ ಬರುತ್ತದೆ. "ಮೊಲೆಯೊಳಗೆ ಔಷಧಿ ಟ್ಯೂಬ್ ಹಾಕಿಸಿದ್ವಿ, ಇಂಜೆಕ್ಷನ್ ಆಯ್ತು, ವಾಸಿನೂ ಆಯ್ತು. ಈಗ ನೋಡಿದ್ರೆ ಅದೇ ಮೊಲೆಯಲ್ಲಿ ಮತ್ತೆ ಗಡ್ಡೆ ಹಾಲು. ಈ ಸಲ ಪವರ್ ಜಾಸ್ತಿ ಇರೋದು ಕೊಡಿ ಸಾರ್."

ಪವರ್ ಜಾಸ್ತಿ ಮಾಡಿದರೆ ಹೋಗುತ್ತಾ? ಎಷ್ಟೋ ಸಲ ಹೋಗುವುದಿಲ್ಲ.

ಔಷಧಿಗೆ ಬಗ್ಗದ ರೋಗಾಣು ಎಂದ ಕೂಡಲೇ ಎಲ್ಲರೂ ರೆಸಿಸ್ಟೆನ್ಸ್ ಅನ್ನುತ್ತಾರೆ, ಅಂದರೆ ಔಷಧಿಯನ್ನು ತಡೆದುಕೊಳ್ಳುವ, ಸಂತಾನಕ್ಕೂ ಹೋಗುವ ಗುಣ. ಅದು ಇದ್ದೇ ಇದೆ. ಕೆಲವು ರೋಗಾಣುಗಳು ಪೆನಿಸಿಲಿನ್ ಅನ್ನು ಒಡೆದುಹಾಕುವ ಕಿಣ್ವವನ್ನೇ ತಯಾರಿಸುತ್ತವೆ. ಅಂಥವಕ್ಕೆ ಆ ಔಷಧಿ ಕೊಡುವುದು ದಂಡ. ಆದರೆ ನನಗೆ ಹೆಚ್ಚು ತಲೆನೋವು ಕೊಡುವ ಕೇಸುಗಳು ಬೇರೆ. ಹಾಲಿನ ಸ್ಯಾಂಪಲ್ ಲ್ಯಾಬಿಗೆ ಹೋಗುತ್ತದೆ. ಸ್ಟೆಫೈಲೊಕಾಕಸ್ ಆರಿಯಸ್ (ಚಿಕ್ಕದಾಗಿ ಸ್ಟೆಫ್) ಎಂಬ ರೋಗಾಣು ಸಿಗುತ್ತದೆ. ಇಂಥ ಔಷಧಿಗೆ ಸಾಯುತ್ತದೆ ಎಂದು ರಿಪೋರ್ಟ್ ಬರುತ್ತದೆ. ಅದನ್ನೇ ಹಾಕುತ್ತೇವೆ. ರೋಗ ಮತ್ತೆ ಬರುತ್ತದೆ.

ರಿಪೋರ್ಟ್ ಸುಳ್ಳಲ್ಲ. ಲ್ಯಾಬಿನ ತಟ್ಟೆಯಲ್ಲಿ ರೋಗಾಣುವಿಗೆ ಹೊಟ್ಟೆ ತುಂಬ ಆಹಾರವಿದೆ, ಬೆಚ್ಚಗಿನ ಜಾಗವಿದೆ. ಅದು ಭರದಿಂದ ಬೆಳೆಯುತ್ತದೆ. ಔಷಧಿಯ ಬಿಲ್ಲೆ ಪಕ್ಕದಲ್ಲೇ ಇರುತ್ತದೆ, ಮಧ್ಯೆ ಅಡ್ಡಿ ಏನೂ ಇಲ್ಲ. ಕೆಚ್ಚಲಿನ ಒಳಗೆ ಹಾಗಲ್ಲ. ಈ ಸ್ಟೆಫ್ ಮಹಾ ಕಿಲಾಡಿ. ಹಾಲು ಕಟ್ಟುವ ಭಾಗದಲ್ಲಿ ಸಣ್ಣ ಸಣ್ಣ ಕೀವಿನ ಗಂಟು ಮಾಡಿಕೊಳ್ಳುತ್ತದೆ. ಗಂಟಿನ ಸುತ್ತ ಗಟ್ಟಿ ನಾರು ಬೆಳೆಯುತ್ತದೆ, ಔಷಧಿ ಒಳಕ್ಕೆ ಇಳಿಯುವುದೇ ಕಷ್ಟ. ಕೆಚ್ಚಲಿನ ಜೀವಕೋಶದ ಒಳಗೂ ನುಸುಳುತ್ತದೆ. ತನ್ನನ್ನು ಕೊಲ್ಲಲೆಂದು ನುಂಗಿದ ಬಿಳಿ ರಕ್ತಕಣದ ಒಳಗೂ ಬದುಕಿಕೊಳ್ಳುತ್ತದೆ! ಪೆನಿಸಿಲಿನ್, ಜೆಂಟಮೈಸಿನ್‌ನಂಥವು ಜೀವಕೋಶದ ಒಳಕ್ಕೆ ಸರಿಯಾಗಿ ಹೋಗುವುದಿಲ್ಲ. ಇವು ಸಾಲದು ಎಂಬಂತೆ, ಗುಂಪಾಗಿ ಅಂಟಿಕೊಂಡು ಮೇಲೊಂದು ಲೋಳೆ ಪದರವನ್ನೂ ಕಟ್ಟುತ್ತದೆ. ಅದೇ ಬಯೋಫಿಲ್ಮ್. ಅದರೊಳಗೆ ಕೂತ ರೋಗಾಣುವಿಗೆ ಮಾಮೂಲಿ ಪ್ರಮಾಣದ ಔಷಧಿ ನಾಟುವುದಿಲ್ಲ.

ಇಷ್ಟೂ ಅಡಗುವ ಜಾಗದ ಕಥೆ. ಔಷಧಿ ಮೈಗೇ ತಾಗಿದರೂ ಸಾಯದೆ ಉಳಿಯುವ ಕೆಲವು ಇವೆ. 1944ರಲ್ಲಿ ಡಬ್ಲಿನ್‌ನ ಜೋಸೆಫ್ ಬಿಗ್ಗರ್ ಎಂಬ ವಿಜ್ಞಾನಿ ಇದೇ ಸ್ಟೆಫ್ ರೋಗಾಣುಗಳಿಗೆ ಪೆನಿಸಿಲಿನ್ ಹಾಕಿ ನೋಡಿದರು. ಸುಮಾರು 10 ಲಕ್ಷಕ್ಕೆ ಒಂದು ಸಾಯದೆ ಉಳಿಯಿತು. ಉಳಿದದ್ದನ್ನು ಬೆಳೆಸಿ ಮತ್ತೆ ಪೆನಿಸಿಲಿನ್ ಹಾಕಿದರೆ ಅದರ ಸಂತಾನ ಎಲ್ಲದರಂತೆಯೇ ಸತ್ತಿತು. ಅಂದರೆ ಅದು ರೆಸಿಸ್ಟೆನ್ಸ್ ಅಲ್ಲ. ಆ ರೋಗಾಣು ಆಗ ಬೆಳೆಯುತ್ತಿರಲಿಲ್ಲ, ಅಷ್ಟೆ. ಪೆನಿಸಿಲಿನ್ ಕೆಡಿಸುವುದು ರೋಗಾಣು ತನ್ನ ಗೋಡೆ ಕಟ್ಟುವ ಕೆಲಸವನ್ನು. ಸುಮ್ನೆ ಮಲಗಿದ್ದು ಗೋಡೆಯನ್ನೇ ಕಟ್ಟುತ್ತಿಲ್ಲ. ಇನ್ನು ಕೆಡಿಸುವುದೇನು? ರಾಗಿ ಹೊಲದಲ್ಲಿ ಎಲೆಗೆ ಹೊಡೆಯುವ ಕಳೆನಾಶಕ ಚಿಗುರಿದ ಕಳೆಯನ್ನು ಕೊಲ್ಲುತ್ತದೆ, ಮಣ್ಣಲ್ಲಿರುವ ಬೀಜವನ್ನು ಕೊಲ್ಲುವುದಿಲ್ಲ ಅಲ್ವಾ, ಹಾಗೆ. ಮನುಷ್ಯರ ಟಿಬಿಗೆ 6 ತಿಂಗಳು ಮಾತ್ರೆ ನುಂಗಿಸುವುದಕ್ಕೂ ಇಂಥ ಮಲಗಿದ ರೋಗಾಣುಗಳೇ ಒಂದು ಮುಖ್ಯ ಕಾರಣ.

ಇದು ಗೊತ್ತಾದರೆ ಪದೇ ಪದೇ ಔಷಧಿ ಬದಲಿಸುವ ಚಟ ಕಡಿಮೆಯಾಗಬೇಕು. ಗಡ್ಡೆ ಹೋಗಿ ಹಾಲು ಬೆಳ್ಳಗಾದ ಮಾತ್ರಕ್ಕೆ ರೋಗ ಹೋಯಿತು ಎಂದಲ್ಲ. ಎರಡನೇ ದಿನಕ್ಕೇ ಟ್ಯೂಬ್ ನಿಲ್ಲಿಸುವವರನ್ನು ನಾನು ಬೈಯುವುದಿಲ್ಲ. ಔಷಧಿ ಹಾಕಿದಷ್ಟು ದಿನ, ಆಮೇಲೂ ಕೆಲವು ದಿನ, ಹಾಲು ಡೇರಿಗೆ ಹೋಗುವಂತಿಲ್ಲ. ಒಂದೋ ಎರಡೋ ಹಸು ಇರುವ ಮನೆಗೆ ಅದು ದೊಡ್ಡ ಪೆಟ್ಟು. ಆದರೂ ಈ ರೋಗಾಣುವಿಗೆ ಕೋರ್ಸ್ ಅರ್ಧಕ್ಕೆ ಬಿಡುವುದಿರಲಿ, ಕೆಲವೊಮ್ಮೆ ಮಾಮೂಲಿಗಿಂತ ಉದ್ದ ಕೊಡಬೇಕಾಗುತ್ತದೆ.

ಹೊಸ ಸೋಂಕು, ಎಳೆ ಹಸು, ಒಂದೇ ಮೊಲೆ ಎಂದಾದರೆ ವಾಸಿಯಾಗುವ ಆಸೆ ಇದೆ. ಹಳೇ ಸೋಂಕಾದರೆ ನಾನು ಹೆಚ್ಚು ನಂಬುವುದು ಹಾಲು ಬತ್ತಿಸುವ ಕಾಲವನ್ನು. ಕರು ಹಾಕುವುದಕ್ಕೆ ಸುಮಾರು 60 ದಿನ ಮುಂಚೆ ಬತ್ತಿಸಿ, ಅದಕ್ಕೆಂದೇ ಇರುವ ಟ್ಯೂಬ್ ಹಾಕಿದರೆ ಔಷಧಿ ಒಳಗೆ ವಾರಗಟ್ಟಲೆ ನಿಲ್ಲುತ್ತದೆ. ಹಾಲು ಕರೆಯದ ಕಾರಣ ಔಷಧಿ ಹೊರಗೆ ಹೋಗುವುದಿಲ್ಲ, ಡೇರಿಯ ನಷ್ಟವೂ ಇಲ್ಲ. ಅಲ್ಲಿಯವರೆಗೆ ಆ ಹಸುವನ್ನು ಕೊನೆಗೆ ಕರೆಯಿರಿ. ಈ ರೋಗಾಣು ಒಂದು ಕೆಚ್ಚಲಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಕರೆಯುವ ಕೈ, ಒರೆಸುವ ಬಟ್ಟೆ, ಮಿಷಿನ್ ಮೂಲಕ.

ಮೂರು ನಾಲ್ಕು ಮೊಲೆಗೂ ಹಬ್ಬಿದ ಮುದಿ ಹಸುವಿಗೆ ಮದ್ದು ಸುರಿಯುತ್ತಾ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅದನ್ನು ಸಂತೆಗೆ ಹೊಡೆದರೆ ರೋಗ ಇನ್ನೊಬ್ಬರ ಕೊಟ್ಟಿಗೆ ಸೇರುತ್ತದೆ, ಅದು ಬೇರೆ ಮಾತು. ನೀವೇ ಕೊಳ್ಳಲು ಹೋದರೆ ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆಯಾಗಿ ಸಿಎಂಟಿ (ಕೆಚ್ಚಲು ಬಾವು ಪತ್ತೆಮಾಡುವ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ದ್ರಾವಣದಲ್ಲಿ ನೋಡಿಸಿ. ಹಾಲು ಲೋಳೆಯಂತೆ ಗಟ್ಟಿಯಾದರೆ ಹೊರಗೆ ಕಾಣದ ಬಾವು ಇದೆ ಎಂದು ಅನುಮಾನಿಸಿ. ಕರು ಹಾಕಿ ನಾಲ್ಕೈದು ದಿನವೂ ಆಗದ ಹಸುವಾದರೆ ಮಾತ್ರ ಈ ಪರೀಕ್ಷೆಯನ್ನು ನಂಬಬೇಡಿ, ಗಿಣ್ಣದ ಹಾಲೂ ಹಾಗೇ ಗಟ್ಟಿಯಾಗುತ್ತದೆ.