ಕಿವಿ ಅಪ್ಪನ್ದು, ಉತ್ತರ ಮಗನ್ದು

ಕಿವಿ ಮಂದ ಆದವರ ಮ್ಯಾಲೆ ನಡಿಯೋ ಸಂಶೋಧನಾದಾಗ ಒಂದು ತೊಡಕು ಐತಿ, ಯಾರ ಮಾತು ಬೇಕಾಗೈತೋ ಅವರು ಬಾಯಿ ಬಿಡೂದ್ರಾಗ ಬಾಜೂಕ ಕುಂತ ಮಗನೋ ಸೊಸಿನೋ ಉತ್ತರ ಕೊಟ್ಟಿರ್ತಾರ. "ಅವ್ರಿಗೇನ್ ತ್ರಾಸಿಲ್ರಿ, ಟಿವಿ ಸೌಂಡ್ ಸ್ವಲ್ಪ ಜಾಸ್ತಿ ಇಡ್ತಾರ, ಅಷ್ಟ." ಫಾರ್ಮ್‌ನ್ಯಾಗ ಅದ ಬರಕೋತಾರ.

ಈಗ ಆಡಿಯೋಗ್ರಾಮ್ ನೋಡ್ರಿ. ಸದ್ದಿಲ್ಲದ ರೂಮಿನ್ಯಾಗ ಕುಂದ್ರಿಸಿ 250 ರಿಂದ 8000 ಹರ್ಟ್ಜ್ ತನಕ, ಅಂದ್ರ ದಪ್ಪ ದನಿಯಿಂದ ಕೀರಲು ದನಿ ತನಕ, ಒಂದೊಂದ ಸದ್ದು ಹಾಕಿ, ಎಷ್ಟು ಸಣ್ಣದು ಕೇಳಸ್ತೈತಿ ಅಂತ ಅಳಿತಾರ. ಬೇಕಾದ ಟೆಸ್ಟೇ. ಆದ್ರ ರಬಕವಿ-ಬನಹಟ್ಟಿ ಕಡೆ ಪಾವರ್‌ಲೂಮ್ ಶೆಡ್ಡಿನ್ಯಾಗ ವರ್ಷಾನುಗಟ್ಲೆ ದುಡಿದವರ ಪಾಡು ಅದರಾಗ ಪೂರ್ತಿ ಸಿಗಂಗಿಲ್ಲ. ಗದ್ದಲದಿಂದ ಆಗೋ ಪೆಟ್ಟು ಸಾಮಾನ್ಯವಾಗಿ ಮೊದಲ 4000 ಹರ್ಟ್ಜ್ ಸುತ್ತಮುತ್ತ, ಕೀರಲು ದನಿ ಕಡೆ, ಬೀಳತೈತಿ, ಒಳಕಿವಿಯ ಕೂದಲುಕೋಶ ಒಮ್ಮೆ ಸತ್ರ ಮನುಷ್ಯಾರಿಗೆ ಮತ್ತ ಹುಟ್ಟಂಗಿಲ್ಲ, ಆಗ ಸ, ಶ, ತ, ಕ ಇಂಥ ವ್ಯಂಜನ ಮಸಕಾಗಿ ಸ್ವರ ಅಷ್ಟ ಗಟ್ಟಿ ಉಳಿತಾವ, ತಪ್ಪು ಅಂದ್ರೋ ಕಪ್ಪು ಅಂದ್ರೋ ಗೊತ್ತಾಗಂಗಿಲ್ಲ. "ದನಿ ಕೇಳತೈತಿ, ಮಾತು ತಿಳಿಯವಲ್ದು" ಅಂತಾರಲ್ಲ, ಅದು ಇದ. ಮಾರ್ದನಿ ಹೊಡಿಯೋ ಮಂಗಲ ಕಾರ್ಯಾಲಯಕ್ಕ ಹೋದ್ರ ಇನ್ನೂ ಕಷ್ಟ. ಎಲ್ಲಾರೂ ನಕ್ಕಾಗ ತಾವೂ ನಕ್ಕು, ಬರಬರ್ತಾ ಮದುವಿ-ಮುಂಜಿವಿಗೆ ಹೋಗೂದನ್ನ ಬಿಟ್ಟಬಿಡ್ತಾರ. ಇದನ್ನ ಯಾವ ಮಷಿನ್ನೂ ತೋರ್ಸಂಗಿಲ್ಲ, ಅವರನ್ನ ಕೇಳಬೇಕು.

ಕೇಳೋ ರೀತಿನೂ ಸರಿ ಇರಬೇಕಲ್ರಿ. ಫೋನ್ ಮಾಡಿ ಸರ್ವೆ ಮಾಡಿದ್ರ ಫೋನಿನ್ಯಾಗ ಕೇಳಸದವರು ಲೆಕ್ಕದಿಂದನ ಹೊರಗ! ನೆನಪಿನ ಶಕ್ತಿ ಪರೀಕ್ಷಾದಾಗ ಶಬ್ದಗಳನ್ನ ಬಾಯಿಲೆ ಹೇಳಿ ತಿರುಗಿ ಹೇಳ್ರಿ ಅಂದ್ರ, ಕೇಳಸದ್ದಕ್ಕ ಕಮ್ಮಿ ಆದ ಮಾರ್ಕು ಮರೆವಿನ ಖಾತೆಗೆ ಬೀಳತೈತಿ.

ಕಿವಿ ಮಷಿನ್ ಹಾಕೊಂಡ್ರ ಬುದ್ಧಿಶಕ್ತಿ ಕುಂದೂದು ಕಮ್ಮಿ ಆಗತೈತೇನು ಅಂತ ನೋಡಾಕ ಅಮೆರಿಕಾದಾಗ ನಡೆದ ಅಚೀವ್ ಅನ್ನೋ ಅಧ್ಯಯನದ ಫಲಿತಾಂಶ 2023 ರಾಗ ಬಂತು. 70 ರಿಂದ 84 ವಯಸ್ಸಿನ 977 ಮಂದಿ, ಅರ್ಧ ಜನಕ್ಕ ಕಿವಿ ಮಷಿನ್ ಮತ್ತು ಸಲಹೆ, ಉಳಿದವರಿಗೆ ಆರೋಗ್ಯದ ಪಾಠ ಅಷ್ಟ. ಮೂರು ವರ್ಷ ಆದ ಮ್ಯಾಲೆ ಒಟ್ಟು ಲೆಕ್ಕದಾಗ ಎರಡೂ ಗುಂಪಿಗೆ ಹೇಳಿಕೊಳ್ಳೋವಂಥ ಫರಕ್ ಇರಲಿಲ್ಲ, ಆದ್ರ ಬುದ್ಧಿಶಕ್ತಿ ಕುಂದೋ ಅಪಾಯ ಮೊದಲ ಹೆಚ್ಚು ಇದ್ದವರಾಗ ಮಷಿನ್ ಹಾಕೊಂಡವರಿಗೆ ಅದು ಕುಂದೋ ವೇಗ 48% ಕಮ್ಮಿ ಇತ್ತು. ಬರೇ ಎರಡನೇದ್ದನ್ನ ಹೇಳಿ ಮಷಿನ್ ಮಾರೋರು ಸಿಕ್ಕರ ಮೊದಲನೇದ್ದನ್ನ ನೆನಪ್ ಮಾಡಿಕೊಡ್ರಿ. ಪಾಠ ಅಷ್ಟ ಸಿಕ್ಕವರಿಗೂ ಕಡೀಕ ಮಷಿನ್ ಕೊಡ್ತೀವಿ ಅಂದಿದ್ರು, ಅದು ನನಗ ಸೇರಿತು.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜ್ ಅದಾವು. ಪಿಜಿ ಮಾಡೋ ಡಾಕ್ಟರ್ ಹುಡುಗೂರು ಥೀಸಿಸ್ ಅಂದ್ರ ಸಂಶೋಧನಾ ಪ್ರಬಂಧ ಮಾಡಲೇಬೇಕು, ಹಿಂಗಾಗಿ ನಿಮ್ಮ ಮನಿ ಹಿರ್ಯಾರನ್ನೂ ಸಂಶೋಧನಾದಾಗ ಸೇರ್ತೀರೇನ್ರಿ ಅಂತ ಯಾರರ ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಯ 2017 ರ ಮಾರ್ಗಸೂಚಿ ಪ್ರಕಾರ ನೈತಿಕ ಸಮಿತಿ ಒಪ್ಪಿಗೆ ಇರಬೇಕು, ತಿಳಿಯೋ ಭಾಷಾದಾಗ ವಿವರಿಸಬೇಕು, ನಡುವ ಬಿಟ್ಟುಬಂದ್ರ ಚಿಕಿತ್ಸಾ ನಿಲ್ಲಿಸೋ ಹಂಗಿಲ್ಲ. ಓದಾಕ ಬರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನಾ ತಂಡಕ್ಕ ಸಂಬಂಧ ಇಲ್ಲದ ಸಾಕ್ಷಿ ಒಬ್ಬರು ಇರಬೇಕು. ಇಷ್ಟೆಲ್ಲಾ ಇದ್ದೂ ಡಾಕ್ಟರ್ ಮಾಸ್ಕ್ ಹಾಕ್ಕೊಂಡು, ಫ್ಯಾನ್ ಸದ್ದಿನ್ಯಾಗ ಗಡಬಡಿಸಿ ಓದಿದ್ರ, ಮುದುಕಪ್ಪ ಗೋಣು ಹಾಕಿದ್ದು ಒಪ್ಪಿಗೆ ಹೆಂಗಾತು?

ಅದಕ್ಕ ಮೊದಲ ಹೇಳ್ರಿ: ಫ್ಯಾನ್ ಬಂದ್ ಮಾಡ್ರಿ, ಮುಖದ ಮ್ಯಾಲೆ ಬೆಳಕು ಬೀಳೋ ಹಂಗ ಎದುರಿಗೆ ಕುಂದ್ರ್ರಿ, ಮಾಸ್ಕ್ ತಗೀರಿ, ಮುಖ್ಯ ವಿಷಯ ದೊಡ್ಡ ಅಕ್ಷರದಾಗ ಬರದು ಕೊಡ್ರಿ, ಆಮ್ಯಾಲೆ ಏನ್ ತಿಳೀತು ಅಂತ ಅವರ ಬಾಯಿಂದನ ಕೇಳ್ರಿ. ಹೋಗಿಬರೋ ಬಸ್ ಖರ್ಚಿನ ಬಗ್ಗೆನೂ ಕೇಳೂದ್ರಾಗ ನಾಚಿಕಿ ಏನಿಲ್ಲ. ಮಗಾ ಜೋಡಿ ಬರಲಿ, ಬ್ಯಾಡ ಅನ್ನಂಗಿಲ್ಲ, ಒಂದ ಮಾತು ನಾಲ್ಕ ಸರ್ತಿ ಹೇಳಿ ಬ್ಯಾಸತ್ತ ಮನಿಯವರ ತ್ರಾಸೂ ಸಂಶೋಧನೆಗೆ ಬೇಕಾದ ವಿಷಯನ, ಆದ್ರ ಅವನಿಗೆ ಬ್ಯಾರೆ ಫಾರ್ಮ್ ಕೊಡ್ರಿ.