ಕರ ಕಟ್ಟುವಾಗ ಬೇಕಾದ ಜನ, ಖರ್ಚು ಮಾಡುವಾಗ ಯಾಕೆ ಬೇಡ?

ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ ರೊಕ್ಕ ಇಲ್ಲ ಎಂಬ ಮಾತು ಹೊಸದಲ್ಲ. ಗಟಾರ ತುಂಬಿದರೂ ಅದೇ ಉತ್ತರ, ಬೀದಿ ದೀಪ ಹೋದರೂ ಅದೇ. ಸರಿ, ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಇದ್ದಷ್ಟನ್ನು ಮೊದಲು ಯಾವುದಕ್ಕೆ ಹಾಕೋಣ ಎಂದು ಓಣಿಯವರನ್ನು ಕೇಳಬಹುದಲ್ವಾ?

ಹಾಗೆ ನೋಡಿದರೆ ಇಲ್ಲಿನ ಪುರಸಭೆಗಳ ಬೇರಲ್ಲೇ ಜನ ಇದ್ದರು. ಬ್ರಿಟಿಷರ 1850ರ ಕಾಯ್ದೆಯಂತೆ, ಊರಿನವರು ಕೇಳಿಕೊಂಡರೆ ಮಾತ್ರ ಪುರಸಭೆ. ಹುಬ್ಬಳ್ಳಿಗೆ ಅದು ಬಂದಿದ್ದು 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ. ಆಗ ಊರಿನವರು ಎಂದರೆ ನಾಲ್ಕು ಮಂದಿ ಉಳ್ಳವರೇ ಇರಬಹುದು, ಆ ಮಾತು ಬೇರೆ. 1962ರಲ್ಲಿ ಎರಡೂ ಊರು ಸೇರಿ ಒಂದೇ ಪಾಲಿಕೆಯಾಯಿತು.

ನನ್ನ ಪ್ರಕಾರ ದೊಡ್ಡ ತಿರುವು 1979. ಅಲ್ಲಿಯವರೆಗೆ ಊರೊಳಗೆ ಬರುವ ಸರಕಿಗೆ ನಾಕಾದಲ್ಲಿ ಜಕಾತಿ ವಸೂಲಾಗುತ್ತಿತ್ತು. ಹುಬ್ಬಳ್ಳಿಯಂಥ ವ್ಯಾಪಾರದ ಊರಿಗೆ ಅದು ದಿನಾ ಕೈಗೆ ಬರುವ ರೊಕ್ಕ. ರಾಜ್ಯ ಸರ್ಕಾರ ಜಕಾತಿ ತೆಗೆದುಹಾಕಿತು. ಲಾರಿಯವರಿಗೆ, ವ್ಯಾಪಾರಿಗಳಿಗೆ ನಿರಾಳವಾಯಿತು, ತಪ್ಪೇನಿಲ್ಲ. ಆದರೆ ಅದರ ಬದಲಿಗೆ ಬರುವ ಹಣಕ್ಕೆ ಪಾಲಿಕೆ ಬೆಂಗಳೂರಿನ ದಾರಿ ಕಾಯಬೇಕಾಯಿತು. ರೊಕ್ಕ ಕೊಡುವವರು ಅಲ್ಲಿದ್ದ ಮೇಲೆ ಲೆಕ್ಕ ಒಪ್ಪಿಸುವುದೂ ಅಲ್ಲಿಗೇ. ಓಣಿಯವರು ಕೇಳಿದರೆ ಸಿಗುವುದು ‘ಅನುದಾನ ಬಂದಿಲ್ಲ’ ಎಂಬ ಒಂದೇ ಸಾಲು.

ಕಾನೂನು ಮಾತ್ರ ಜನರ ಕಡೆಗೇ ನಡೆಯಿತು. 1993ರಲ್ಲಿ ಜಾರಿಯಾದ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಬೇಕು ಎಂದಿತು. ಪ್ರತಿ ವಾರ್ಡಿಗೂ ಸಮಿತಿ ಎಂದು ರಾಜ್ಯದ ಕಾಯ್ದೆಗೆ ತಿದ್ದುಪಡಿಯಾಗಿದ್ದು 2011ರಲ್ಲಿ. ನಿಯಮ ಬಂದಿದ್ದು 2016ಕ್ಕೆ! ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಸದಸ್ಯರು. ಅವರಲ್ಲಿ ಕನಿಷ್ಠ 3 ಮಹಿಳೆಯರು, 2 ಪರಿಶಿಷ್ಟರು, 2 ನಿವಾಸಿ ಸಂಘದವರು. ವಾರ್ಡಿನ ಯೋಜನೆ ಮಾಡುವುದು, ಹಣ ಸರಿಯಾಗಿ ಖರ್ಚಾಯಿತೇ ನೋಡುವುದು ಇವರ ಕೆಲಸ. ಆದರೆ ಸದಸ್ಯರನ್ನು ಜನ ಆರಿಸುವುದಿಲ್ಲ, ನೇಮಕವೇ.

ಇಷ್ಟರಲ್ಲಿ 2019ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಮತ್ತೆ ಚುನಾವಣೆ ನಡೆದಿದ್ದು 2021ರ ಸೆಪ್ಟೆಂಬರ್‌ನಲ್ಲಿ, 67 ಇದ್ದ ವಾರ್ಡ್‌ಗಳು 82 ಆದ ಮೇಲೆ. ಕಾರ್ಪೊರೇಟರೇ ಇಲ್ಲದಿದ್ದರೆ ಸಮಿತಿಗೆ ಅಧ್ಯಕ್ಷರು ಯಾರು? ಕೊರೊನಾದಲ್ಲಿ ಅಂಗಡಿ ಮುಚ್ಚಿ, ದುಡಿಮೆ ನಿಂತಾಗ ಓಣಿಯ ಕಷ್ಟ ಹೇಳಲು ಆರಿಸಿ ಬಂದವರು ಒಬ್ಬರೂ ಪಾಲಿಕೆಯಲ್ಲಿ ಇರಲಿಲ್ಲ.

ಧಾರವಾಡಕ್ಕೆ ಬೇರೆ ಪಾಲಿಕೆ ಬೇಕೆಂಬ ಕೂಗಿನ ಹಿಂದೆಯೂ ಇದೇ ಸಿಟ್ಟಿದೆ: ಹಣವೆಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಎಂಬುದು. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಬೇರೆ ಪಾಲಿಕೆಗೆ ಒಪ್ಪಿತು. ಪಾಲಿಕೆ ಎರಡಾದರೆ ಬರುವ ಕರವೂ ಎರಡು ಪಾಲಾಗುತ್ತದೆ. ಧಾರವಾಡದ ಪಾಲಿನ ರೊಕ್ಕ ಯಾವ ಓಣಿಗೆ ಮೊದಲು ಎಂಬ ಜಗಳ ಆಗ ಧಾರವಾಡದೊಳಗೇ ಶುರುವಾಗುತ್ತದೆ. ಅದನ್ನು ಕೂತು ಬಗೆಹರಿಸಲು ಅಲ್ಲೂ ವಾರ್ಡ್ ಸಮಿತಿಯೇ ಬೇಕು.